ಬಸ್ರೂರಿನ ಹೊಳೆದಂಡೆ, ಕುಂದಾಪುರದ ಮೀನೂಟ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರ ತಲುಪುವವರಿಗೆ ಬಸ್ರೂರು ಮೂರುಕೈ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ತಿರುಗಿ ಕೆಲವೇ ಕಿಲೋಮೀಟರ್ ಹೋದರೆ ಬಸ್ರೂರು. ಕೊಂಕಣ ರೈಲಿನಲ್ಲಿ ಬಂದವರಿಗೆ ಇನ್ನೂ ಹತ್ತಿರ. ಕುಂದಾಪುರ ರೈಲು ನಿಲ್ದಾಣವಿರುವ ಮೂಡ್ಲಕಟ್ಟೆ ಈ ಊರಿನ ಮಗ್ಗುಲಲ್ಲೇ ಇದೆ. ಮೀನೂಟಕ್ಕೆಂದು ಕುಂದಾಪುರಕ್ಕೆ ಬರುವವರು ಸಾಮಾನ್ಯವಾಗಿ ಪೇಟೆಯಲ್ಲಿ ಉಂಡು, ಮರವಂತೆಯ ಕಡಲನ್ನು ನೋಡಿ, ಹೆದ್ದಾರಿ ಹಿಡಿದು ಹೋಗಿಬಿಡುತ್ತಾರೆ. ಊಟಕ್ಕೆ ಮೊದಲು ಬಸ್ರೂರಿನ ಹೊಳೆದಂಡೆಗೆ ಬಂದು ಹೋದರೆ ಎಲೆಯ ಮೇಲಿನ ಅನ್ನವೂ ಮೀನೂ ಬೇರೆಯೇ ರುಚಿ ಕೊಡುತ್ತವೆ ಎಂಬುದು ನನ್ನ ನಂಬಿಕೆ. ಆ ನಂಬಿಕೆಗೆ ಕಾರಣ ಹೇಳುವುದೇ ಈ ಬರಹದ ಉದ್ದೇಶ.

ದಂಡೆಯಲ್ಲಿ ನಿಂತರೆ ಎದುರಿಗೆ ವಾರಾಹಿ. ಘಟ್ಟದ ಮೇಲೆ ಹುಟ್ಟಿ, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ ಚಕ್ರ ತಿರುಗಿಸಿ, ಹಾಲಾಡಿಯ ಬಯಲು ದಾಟಿ ಬರುವ ಹೊಳೆ ಇಲ್ಲಿ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಉಬ್ಬರದ ಹೊತ್ತಿನಲ್ಲಿ ನೀರು ಪಡುವಣದಿಂದ ಮೇಲಕ್ಕೇರುತ್ತದೆ, ಇಳಿತದಲ್ಲಿ ಮತ್ತೆ ಕಡಲಿಗೆ ಮರಳುತ್ತದೆ. ಎರಡೂ ದಡದಲ್ಲಿ ತೆಂಗು, ನಡುವೆ ಕುದ್ರುಗಳೆಂಬ ನಡುಗಡ್ಡೆಗಳು. ಕಡಲು ಕಣ್ಣಿಗೆ ಬೀಳುವುದಿಲ್ಲ, ಆದರೆ ನೀರಿನಲ್ಲಿ ಉಪ್ಪಿದೆ. ಒಂದು ಕಾಲದಲ್ಲಿ ಈ ಊರು ಬಂದರಾಗಿದ್ದುದಕ್ಕೆ ಇದೇ ಕಾರಣ. ಉಬ್ಬರದ ಬಲದಲ್ಲಿ ದೋಣಿಗಳು ಒಳನಾಡಿಗೆ ಬರುತ್ತಿದ್ದವು, ಮಳೆಗಾಲದ ಬಿರುಗಾಳಿ ಇಷ್ಟು ಒಳಗಿನ ದಂಡೆಯನ್ನು ಕಾಡುತ್ತಿರಲಿಲ್ಲ.

ಅಕ್ಕಿ ಹೋದ ದಾರಿ

ಊರೊಳಗೆ ನಡೆದರೆ ಹಳೆಯ ಪಟ್ಟಣದ ಗುರುತುಗಳು ಒಂದೊಂದಾಗಿ ಎದುರಾಗುತ್ತವೆ. ಮಹಾಲಿಂಗೇಶ್ವರ ದೇವಸ್ಥಾನ, ಆಲದ ಬೇರುಗಳು ಗೋಡೆಯನ್ನೇ ತಬ್ಬಿ ಹಿಡಿದಿರುವ ತುಳುವೇಶ್ವರ, ಕೆರೆಗಳು, ಮಂಡಿಬಾಗಿಲು ಎಂಬ ಹೆಸರು, ಅಲ್ಲಲ್ಲಿ ಶಾಸನದ ಕಲ್ಲು. ಮೂಡುಕೇರಿ, ಪಡುಕೇರಿ ಎಂದು ಎರಡು ಭಾಗವಾಗಿದ್ದ ಈ ಪಟ್ಟಣದ ವ್ಯಾಪಾರ ಸೆಟ್ಟಿಗಳ ಕೈಯಲ್ಲಿತ್ತು. ವಿಜಯನಗರದ ಕಾಲದಲ್ಲಿ ರಾಜರ ಅಧಿಕಾರಿಗಳು ಬಾರಕೂರಿನಲ್ಲಿ ಕುಳಿತು ಆಳಿದರೂ ಬಸ್ರೂರಿನ ದಂಡೆಯಲ್ಲಿ ಮಾತು ನಡೆಯುತ್ತಿದ್ದುದು ವರ್ತಕರ ಸಂಘಗಳದ್ದು. ಇಂಥ ಸಂಘಗಳ ಪೈಕಿ, ಕರಾವಳಿಯ ಶಾಸನಗಳಲ್ಲಿ ಬರುವ ಹಂಜಮಾನವೆಂದರೆ ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಕೂಟ.

ಇಲ್ಲಿಂದ ಹೊರಟ ಮುಖ್ಯ ಸರಕು ಅಕ್ಕಿ. ಕರಿಮೆಣಸೂ ಹೋಗುತ್ತಿತ್ತು, ಆದರೆ ಬಸ್ರೂರಿನ ಹೆಸರು ದೂರ ದೇಶಗಳಲ್ಲಿ ಹಬ್ಬಿದ್ದು ಅಕ್ಕಿಯಿಂದ. ಮಲಬಾರಿನ ಪಟ್ಟಣಗಳು, ಗೋವಾ, ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್, ಒಮಾನಿನ ಮಸ್ಕತ್ ಇವೆಲ್ಲ ಕನ್ನಡ ಕರಾವಳಿಯ ಅಕ್ಕಿಯನ್ನು ಉಂಡ ಊರುಗಳು. 16ನೇ ಶತಮಾನದ ಆರಂಭದಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಬಸ್ರೂರು, ಬಾರಕೂರುಗಳನ್ನು ಹೆಸರಿಸಿ ಇಲ್ಲಿಯ ಅಕ್ಕಿ ವ್ಯಾಪಾರದ ವಿಷಯ ಬರೆದಿದ್ದಾನೆ. ಆ ವ್ಯಾಪಾರದ ಮೇಲೆ ಹಿಡಿತ ಸಾಧಿಸಬೇಕೆಂದೇ ಪೋರ್ಚುಗೀಸರು 1569ರಲ್ಲಿ ಹೊಳೆಬಾಯಿಯ ಕಡೆಯ ಕೋಟೆಯನ್ನು ಹಿಡಿದರು. 17ನೇ ಶತಮಾನದ ನಡುವೆ ಕೆಳದಿಯ ನಾಯಕರು ಅವರನ್ನು ಹೊರಗಟ್ಟಿದರು. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಾಲವಣದಿಂದ ಹಡಗುಗಳಲ್ಲಿ ಬಂದು ಬಸ್ರೂರನ್ನು ಸೂರೆ ಮಾಡಿದ. ಅಷ್ಟು ದೂರದಿಂದ ಒಂದು ನೌಕಾಪಡೆ ಹೊಳೆಯೊಳಗಿನ ಊರನ್ನು ಹುಡುಕಿಕೊಂಡು ಬಂದಿತೆಂದರೆ ಇಲ್ಲಿ ಎಷ್ಟು ಸಂಪತ್ತಿತ್ತು ಎಂದು ಊಹಿಸಬಹುದು.

ಈ ತೀರದ ಸರಕು ಇನ್ನೂ ಪಶ್ಚಿಮಕ್ಕೆ, ಏಡನ್ ದಾಟಿ ಕೆಂಪು ಸಮುದ್ರದ ಮೂಲಕ ಈಜಿಪ್ಟಿಗೆ, ಅಲ್ಲಿಂದ ಮೆಡಿಟರೇನಿಯನ್ ಕಡಲಿಗೆ ಸೇರುತ್ತಿತ್ತು. 12ನೇ ಶತಮಾನದಲ್ಲಿ ಟುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಬಹುಕಾಲ ನೆಲೆಸಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರ ಕೋಣೆಯಲ್ಲಿ ಉಳಿದುಬಂದವು. ಅವುಗಳ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಲ್ಲಿಂದ ಕರಿಮೆಣಸು, ಅಡಿಕೆ, ಕಬ್ಬಿಣ ಹೋದವು. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳುಹಿಸಿದರು. ಎರಡು ಕಡಲುಗಳ ಅಡುಗೆಮನೆಗಳು ಒಂದಕ್ಕೊಂದು ಪರಿಚಯವಾಗಿ ಎಂಟುನೂರು ವರ್ಷಗಳ ಮೇಲಾಯಿತು.

ಟ್ಯಾಂಜಿಯರಿನಿಂದ ಬಂದ ಅತಿಥಿ

ಮೆಡಿಟರೇನಿಯನ್ ಕಡಲು ಅಟ್ಲಾಂಟಿಕ್ಕಿಗೆ ಬಾಯ್ದೆರೆಯುವಲ್ಲಿ ಮೊರಾಕ್ಕೋದ ಟ್ಯಾಂಜಿಯರ್ ಪಟ್ಟಣವಿದೆ. 1304ರಲ್ಲಿ ಅಲ್ಲಿ ಹುಟ್ಟಿದ ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ನಮ್ಮ ತೀರದ ಗುಂಟ ಪ್ರಯಾಣ ಮಾಡಿದ. ಹೊನ್ನಾವರದಿಂದ ದಕ್ಷಿಣಕ್ಕೆ ಹೊರಟ ಅವನು ಮೊದಲು ಕಂಡ ಊರನ್ನು ಅಬು ಸರೂರ್ ಎಂದು ಬರೆದಿದ್ದಾನೆ. ವಿದ್ವಾಂಸರು ಅದನ್ನು ಬಸ್ರೂರೆಂದೇ ಗುರುತಿಸುತ್ತಾರೆ. ದೊಡ್ಡ ಅಳಿವೆಯ ಮೇಲಿನ ಸಣ್ಣ ಊರು, ತುಂಬಾ ತೆಂಗು ಎಂಬುದು ಅವನು ಕೊಟ್ಟ ಚಿತ್ರ. ಮುಂದಿನ ನಿಲುಗಡೆ ಇಂದಿನ ಬ್ರಹ್ಮಾವರ ತಾಲ್ಲೂಕಿನ ಬಾರಕೂರು. ಅಲ್ಲಿ ಅವನ ಗಮನ ಸೆಳೆದದ್ದು ಕಬ್ಬು.

ಇದಕ್ಕೆ ತುಸು ಮೊದಲು ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಮಾಡಿದ ಊಟವನ್ನು ಅವನು ಬಡಿಸಿದ ಕ್ರಮದಲ್ಲೇ ವರ್ಣಿಸಿದ್ದಾನೆ. ತಾಮ್ರದ ಮೇಜಿನ ಮೇಲೆ ತಟ್ಟೆ. ರೇಷ್ಮೆಯುಟ್ಟ ಹೆಂಗಸು ಸೌಟಿನಿಂದ ಅನ್ನ ಬಡಿಸಿ ಮೇಲೆ ತುಪ್ಪ ಎರೆಯುತ್ತಾಳೆ. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಹಸಿ ಕಾಳುಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಅದರ ಹಿಂದೆ ತುಸು ಉಪ್ಪಿನಕಾಯಿ. ಮತ್ತೆ ಅನ್ನ, ಜೊತೆಗೆ ಕೋಳಿ. ಮತ್ತೆ ಅನ್ನ, ಜೊತೆಗೆ ಬಗೆಬಗೆಯ ಮೀನು. ಆಮೇಲೆ ತುಪ್ಪ ಹಾಲುಗಳಲ್ಲಿ ಬೆಂದ ತರಕಾರಿ. ಕೊನೆಗೆ ಮಜ್ಜಿಗೆ ಬಂದಿತೆಂದರೆ ಊಟ ಮುಗಿಯಿತು ಎಂದು ತಿಳಿಯಬೇಕು. ಮಳೆಗಾಲದಲ್ಲಿ ತಣ್ಣೀರು ಆಗದೆಂದು ಕುಡಿಯಲು ಬಿಸಿನೀರು ಕೊಡುತ್ತಾರೆ. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಬರೀ ಅನ್ನ ಉಂಡುಕೊಂಡು ಅದೇ ಆಸ್ಥಾನದಲ್ಲಿದ್ದನಂತೆ.

ಗೋಧಿ ರೊಟ್ಟಿಯ ನಾಡಿನಿಂದ ಬಂದವನೊಬ್ಬ ನಮ್ಮ ಕಡಲಂಚಿನ ಮೀನೂಟವನ್ನು ಕಣ್ಣಾರೆ ಕಂಡು ಬರೆದಿಟ್ಟ ದಾಖಲೆ ಇದು. ಇಂದಿಗೂ ಈ ತೀರದ ಮನೆಗಳಲ್ಲಿ ಅನ್ನಕ್ಕೆ ಮಜ್ಜಿಗೆ ಬಿದ್ದರೆ ಊಟದ ಕೊನೆ. ಹಸಿ ಕಾಳುಮೆಣಸು ಇಂದಿಗೂ ಭರಣಿಯ ಉಪ್ಪುನೀರಿನಲ್ಲಿದೆ. ಮಳೆಗಾಲದಲ್ಲಿ ಬಿಸಿನೀರು ಇಂದಿಗೂ ಲೋಟಕ್ಕೆ ಬರುತ್ತದೆ. ಏಳು ಶತಮಾನಗಳ ಹಿಂದಿನ ಆ ಊಟಕ್ಕೆ ನಮ್ಮನ್ನು ಇಂದು ಕರೆದು ಕೂರಿಸಿದರೆ ಯಾವುದಕ್ಕೆ ಕೈ ಹಾಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಹೊಳೆಯ ಜೊತೆ ಕೆಳಗೆ

ಬಸ್ರೂರಿನಿಂದ ಹೊಳೆ ಕಡಲಿನ ಕಡೆಗೆ ಇಳಿದಂತೆ ಕುದ್ರುಗಳು ಹೆಚ್ಚುತ್ತವೆ. ಯಕ್ಷಗಾನ ಗೊಂಬೆಯಾಟದಿಂದ ಹೆಸರಾದ ಉಪ್ಪಿನಕುದ್ರು ಈ ನೀರಿನ ಬಳಗಕ್ಕೇ ಸೇರಿದ್ದು. ಮುಂದೆ ವಾರಾಹಿ, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ ಐದೂ ಕೂಡಿ ಪಂಚಗಂಗಾವಳಿಯಾಗಿ, ಒಂದು ಬದಿಗೆ ಕುಂದಾಪುರದ ಕೋಡಿ, ಇನ್ನೊಂದು ಬದಿಗೆ ಗಂಗೊಳ್ಳಿ ಇಟ್ಟುಕೊಂಡು ಕಡಲು ಸೇರುತ್ತದೆ. ಈ ಅಳಿವೆಯೇ ಕುಂದಾಪುರದ ಮೀನೂಟದ ಕಣಜ. ಸಿಹಿನೀರೂ ಉಪ್ಪುನೀರೂ ದಿನಕ್ಕೆರಡು ಸಲ ಬೆರೆಯುವಲ್ಲಿ ಸಿಗಡಿ, ಏಡಿ, ಕಾಣೆ, ಮರುವಾಯಿ ಬೆಳೆಯುತ್ತವೆ. ಹೊರಗಿನ ಕಡಲಿನಿಂದ ಬಂಗುಡೆ, ಭೂತಾಯಿ, ಅಂಜಲ್, ಮಾಂಜಿ ಗಂಗೊಳ್ಳಿ ಬಂದರಿಗೆ ಬಂದು ಇಳಿಯುತ್ತವೆ. ಬೈಂದೂರು ತಾಲ್ಲೂಕಿನ ಉಪ್ಪುಂದದ ಕಡೆ ಅಳಿವೆ ನೀರಿನಲ್ಲಿ ಪಂಜರ ಕಟ್ಟಿ ಸೀಬಾಸ್, ಕೆಂಬೇರಿ ಸಾಕುವವರೂ ಇದ್ದಾರೆ.

ಊಟಕ್ಕೆ ಮೊದಲು ಮೀನು ಮಾರುಕಟ್ಟೆಗೆ ಹೋಗಿ ಬರುವುದು ಒಳ್ಳೆಯದು. ಬುಟ್ಟಿಯ ಹಿಂದೆ ಕೂತ ಮೊಗವೀರ, ಖಾರ್ವಿ ಹೆಂಗಸರೇ ಇಲ್ಲಿಯ ನಿಜವಾದ ತಜ್ಞರು. “ಹ್ವಾಯ್, ಬನಿ. ಕಿವಿರ್ ಎತ್ತಿ ಕಾಣಿ, ಕೆಂಪ್ ಇತ್ತಾ ಇಲ್ಯಾ?” ಎಂದು ಬಂಗುಡೆಯನ್ನು ಕೈಗೇ ಕೊಡುತ್ತಾರೆ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು, ಬೆರಳಿನಿಂದ ಒತ್ತಿದರೆ ಮೈ ಮತ್ತೆ ಮೇಲೆ ಬರಬೇಕು. ಮರುವಾಯಿಯ ಚಿಪ್ಪು ಬಾಯ್ಬಿಟ್ಟಿದ್ದರೆ ಒಂದು ತಟ್ಟು ತಟ್ಟಬೇಕು. ಮುಚ್ಚಿಕೊಂಡರೆ ಜೀವವಿದೆ, ತರಬಹುದು. ಈ ಪರೀಕ್ಷೆ ಗ್ರೀಸಿನ ಮೀನುಕಟ್ಟೆಯಲ್ಲೂ ಇದೇ, ಗಂಗೊಳ್ಳಿಯಲ್ಲೂ ಇದೇ.

ಎಲೆಯ ಮುಂದೆ

ಕುಂದಾಪುರದ ಮೀನೂಟದ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಹೋಗುವುದು ಲೇಸು. ತಡವಾದರೆ ಒಳ್ಳೆಯ ಮೀನು ಬೇರೆಯವರ ಎಲೆ ಸೇರಿರುತ್ತದೆ. ಹಲವು ಕಡೆ ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ ಗಿರಾಕಿಯ ಮುಂದೆ ತಂದು ತೋರಿಸುತ್ತಾರೆ. “ಇವತ್ತ್ ಎಂತ ಇತ್ತ್?” ಎಂದು ಕೇಳಿದರೆ, “ಕಾಣಿ ಲಾಯ್ಕ್ ಇತ್ತ್, ಚಟ್ಲಿಯೂ ಇತ್ತ್” ಎಂದು ಉತ್ತರ ಬರುತ್ತದೆ. ಬಡಿಸುವವನ ಈ ಮಾತನ್ನು ನಂಬಬೇಕು. ಹೆಸರು ಕೇಳಿದ ಮೀನಿಗಿಂತ ಆ ದಿನ ಬಂದ ಮೀನು ಮೇಲು.

ಮೊದಲು ಬರುವುದು ಕುಚ್ಚಲಕ್ಕಿ ಅನ್ನ ಮತ್ತು ಮೀನಿನ ಸಾರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ತುಸು ಮೆಂತೆ, ಕಾಳುಮೆಣಸು, ಅರಸಿನ, ಬೆಳ್ಳುಳ್ಳಿ ಹಾಕಿ ತೆಂಗಿನಕಾಯಿಯೊಂದಿಗೆ ನುಣ್ಣಗೆ ಅರೆದ ಮಸಾಲೆ, ಅದಕ್ಕೆ ಹುಣಸೆಯ ಹುಳಿ. ಮಸಾಲೆ ಮೊದಲು ಕುದಿಯಬೇಕು, ಮೀನು ಆಮೇಲೆ ಬೀಳಬೇಕು, ಬಿದ್ದ ಮೇಲೆ ಸೌಟು ಆಡಿಸಬಾರದು. ಪಾತ್ರೆಯ ಕಿವಿ ಹಿಡಿದು ಅಲುಗಿಸಿದರೆ ಸಾಕು. ಬಂಗುಡೆಗೆ ಹುಳಿಖಾರ ಜಾಸ್ತಿ ಬೇಕು, ಏಕೆಂದರೆ ಅದರ ಮೈಯಲ್ಲಿ ಎಣ್ಣೆಯಿದೆ. ಕಾಣೆಯಂಥ ಬಿಳಿ ಮೀನಿಗೆ ಕಾಯಿ ಜಾಸ್ತಿ, ಖಾರ ಕಡಿಮೆ. ಈ ವ್ಯತ್ಯಾಸ ತಿಳಿದಿರುವ ಕೈಯೇ ಒಳ್ಳೆಯ ಅಡುಗೆಯ ಕೈ.

ಆಮೇಲೆ ಕಾವಲಿಯಲ್ಲಿ ಕಾದ ಕಾಣೆ. ಮಸಾಲೆ ತೆಳುವಾಗಿರಬೇಕು, ತೆಂಗಿನೆಣ್ಣೆಯ ಪರಿಮಳವಿರಬೇಕು, ಮುರಿದಾಗ ಒಳಗಿನ ಬಿಳಿ ಮಾಂಸ ಎಳೆಎಳೆಯಾಗಿ ಬಿಡಬೇಕು. ಚಟ್ಲಿಯೆಂದರೆ ಸಿಗಡಿ. ಅದನ್ನು ತೆಂಗಿನ ತುರಿಯೊಂದಿಗೆ ಸುಕ್ಕ ಮಾಡಿದರೆ ನೀರ್ ದೋಸೆಗೆ ಜೊತೆಯಾಗುತ್ತದೆ, ಘೀ ರೋಸ್ಟ್ ಮಾಡಿದರೆ ಹುರಿದ ಬ್ಯಾಡಗಿ ಮೆಣಸಿನ ಕೆಂಪು ತುಪ್ಪದಲ್ಲಿ ಮಿನುಗುತ್ತದೆ. ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೋಳಿ ಘೀ ರೋಸ್ಟ್ ಇಂದು ಬೆಂಗಳೂರು, ಮುಂಬೈಗಳ ಹೋಟೆಲುಗಳಲ್ಲೂ ಸಿಗುತ್ತದೆ. ಸಿಗಡಿಯ ಘೀ ರೋಸ್ಟ್ ಅದರ ಕಡಲ ಕಡೆಯ ತಂಗಿ.

ಈಗ ಮೆಡಿಟರೇನಿಯನ್ ದಂಡೆಯ ಊಟವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅಲ್ಲಿ ಆಲಿವ್ ಎಣ್ಣೆ, ಇಲ್ಲಿ ತೆಂಗಿನೆಣ್ಣೆ. ಅಲ್ಲಿ ನಿಂಬೆಹುಳಿ, ಇಲ್ಲಿ ಹುಣಸೆ, ಮುರುಗಲು, ವಾಟೆಹುಳಿ. ಸ್ಪೇನಿನ ಮಲಗಾದಲ್ಲಿ ಭೂತಾಯಿಯ ಹತ್ತಿರದ ಬಂಧುವಾದ ಸಾರ್ಡಿನ್ ಮೀನನ್ನು ಕಡ್ಡಿಗೆ ಚುಚ್ಚಿ, ಉಪ್ಪು ಹಾಕಿ, ಮರಳಿನ ಮೇಲೆ ಹೊತ್ತಿಸಿದ ಬೆಂಕಿಯ ಪಕ್ಕ ನಿಲ್ಲಿಸಿ ಸುಡುತ್ತಾರೆ. ಇಟಲಿಯಲ್ಲಿ ಚಿಪ್ಪುಮೀನನ್ನು ಬೆಳ್ಳುಳ್ಳಿಯ ಜೊತೆ ಬೇಯಿಸಿ ಅದರ ರಸವನ್ನೆಲ್ಲ ಸ್ಪಾಗೆಟ್ಟಿಗೆ ಕುಡಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಮರುವಾಯಿಯ ರಸವನ್ನು ಅಕ್ಕಿಯ ಪುಂಡಿ ಕುಡಿಯುತ್ತದೆ. ಕಡಲು ಕೊಟ್ಟ ಸಾರ ಒಂದು ಹನಿಯೂ ಪೋಲಾಗದೆ ಧಾನ್ಯಕ್ಕೆ ಸೇರಬೇಕೆಂಬ ಬುದ್ಧಿ ಎರಡು ಕಡೆಯ ಬೆಸ್ತರ ಮನೆಗಳಿಗೂ ಹೊಳೆದಿದೆ.

ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ಅಲ್ಲಿ ಮೀನಿನ ರುಚಿಯನ್ನು ಒಂಟಿಯಾಗಿ ಬಿಡುತ್ತಾರೆ; ಉಪ್ಪು, ಎಣ್ಣೆ, ನಿಂಬೆಯ ಹೊರತು ಅದರ ಮೇಲೆ ಹೆಚ್ಚೇನೂ ಇರುವುದಿಲ್ಲ. ಇಲ್ಲಿ ಮಸಾಲೆ ಮೀನಿನ ಜೊತೆಗಾರ. ಮಸಾಲೆ ಮೀನನ್ನು ಮುಚ್ಚಿಹಾಕಿದರೆ ಅದು ಹೋಟೆಲಿನ ತಪ್ಪು, ಅಡುಗೆ ಪದ್ಧತಿಯ ತಪ್ಪಲ್ಲ. ಇನ್ನೊಂದು ಸಂಗತಿಯೂ ಇದೆ. ಇಟಲಿಯ ಕೆಂಪು ಸಾಸಿನ ಟೊಮೆಟೊ, ಕುಂದಾಪುರದ ಕೆಂಪು ಮಸಾಲೆಯ ಒಣಮೆಣಸು ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಇಬ್ನ್ ಬತೂತ ಉಂಡಾಗ ಈ ತೀರದಲ್ಲಿ ಮೆಣಸಿನಕಾಯಿ ಇರಲಿಲ್ಲ, ಖಾರವೆಂದರೆ ಕಾಳುಮೆಣಸು ಮತ್ತು ಶುಂಠಿ. ಪೋರ್ಚುಗೀಸರು ಬಂದ ನಂತರವೇ ನಮ್ಮ ಸಾರು ಕೆಂಪಾಯಿತು. ಇಂದಿನ ಮಸಾಲೆಯಲ್ಲಿ ಕಾಳುಮೆಣಸು, ಒಣಮೆಣಸು ಎರಡೂ ಒಟ್ಟಿಗಿವೆ. ಬಂದರಿನ ಊರುಗಳ ಅಡುಗೆ ಹೊಸತನ್ನು ಒಳಗೆ ಕರೆಯುತ್ತದೆ, ಹಳತನ್ನು ಹೊರಗೆ ಹಾಕುವುದಿಲ್ಲ.

ಬಸ್ರೂರಿಗೆ ಬೇಕಾದ ಜಗಲಿ

2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊದಲು ಸ್ಪೇನ್, ಗ್ರೀಸ್, ಇಟಲಿ, ಮೊರಾಕ್ಕೋ. 2013ರಲ್ಲಿ ಪೋರ್ಚುಗಲ್, ಕ್ರೊವೇಷಿಯಾ, ಸೈಪ್ರಸ್‌ಗಳೂ ಸೇರಿದವು. ಗ್ರೀಸ್ ತನ್ನ ಪರವಾಗಿ ಮುಂದಿಟ್ಟದ್ದು ಅಥೆನ್ಸನ್ನಲ್ಲ, ಕೊರೋನಿ ಎಂಬ ಸಣ್ಣ ಕಡಲತಡಿಯ ಊರನ್ನು. ಹಳೆಯ ಕೋಟೆ, ದೋಣಿಗಳು, ಆಲಿವ್ ತೋಟಗಳು ಇರುವ ಊರು ಅದು. ಅಲ್ಲಿ ಮಾನ್ಯತೆ ಸಿಕ್ಕಿದ್ದು ಒಂದೆರಡು ತಿನಿಸುಗಳಿಗಲ್ಲ. ಬೆಳೆಯುವುದು, ಹಿಡಿಯುವುದು, ಅಡುವುದು, ಜೊತೆಗೆ ಕೂತು ಉಣ್ಣುವುದು ಎಲ್ಲಕ್ಕೂ.

ಬಸ್ರೂರಿಗೆ ಇದಕ್ಕಿಂತ ಕಡಿಮೆಯ ಇತಿಹಾಸವಿಲ್ಲ. ಕೋಟೆಯ ಕುರುಹಿದೆ, ದೇವಾಲಯಗಳಿವೆ, ಶಾಸನಗಳಿವೆ, ಹೊಳೆಯಿದೆ, ಅಕ್ಕಿಯ ಗದ್ದೆಗಳಿವೆ, ಕೆಳಗೆ ಜೀವಂತ ಮೀನುಗಾರಿಕೆಯಿದೆ. ಇಲ್ಲದಿರುವುದು ಇವನ್ನೆಲ್ಲ ಒಟ್ಟುಗೂಡಿಸಿ ಬಂದವರ ಮುಂದಿಡುವ ಒಂದು ಜಾಗ. ಪ್ರವಾಸೋದ್ಯಮವೆಂದರೆ ದಂಡೆಗೆ ಕಾಂಕ್ರೀಟು ಸುರಿದು, ಬಣ್ಣದ ದೀಪ ಹಾಕಿ, ಎಲ್ಲ ಊರಿನ ತಿಂಡಿಯನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದಲ್ಲ. ಹಂಚಿನ ಮಾಡಿನ ಒಂದು ಜಗಲಿ ಸಾಕು. ಊರಿನ ಸ್ವಸಹಾಯ ಗುಂಪಿನ ಹೆಂಗಸರು ಅಡುಗೆ ಮಾಡಲಿ, ಗಂಗೊಳ್ಳಿಯ ಅಂದಿನ ಮೀನು ಬರಲಿ, ಸುತ್ತಲಿನ ಗದ್ದೆಯ ಕುಚ್ಚಲಕ್ಕಿ ಬೇಯಲಿ. ಮೀನು ತಿನ್ನದವರಿಗೆ ತಂಬುಳಿ, ಕೊಟ್ಟೆ ಕಡುಬು ಇರಲಿ. ಗೋಡೆಯ ಮೇಲೆ ಈ ದಂಡೆಯಿಂದ ಅಕ್ಕಿ ಎಲ್ಲೆಲ್ಲಿಗೆ ಹೋಯಿತೆಂಬ ನಕ್ಷೆ ಇರಲಿ. ಹೊರ್ಮುಜಿಗೆ ಅನ್ನ ಕೊಟ್ಟ ಊರಿನಲ್ಲಿ, ಬಂದ ಅತಿಥಿಗೆ ಹೊಳೆ ನೋಡುತ್ತ ಉಣ್ಣಲು ಒಂದು ಮಣೆ ಸಿಗಬೇಕು.

ಜಗಲಿಗಿಂತ ಮೊದಲು ಹೊಳೆ ಉಳಿಯಬೇಕು. ಮರುವಾಯಿ ನೀರನ್ನು ಸೋಸಿಕೊಂಡೇ ಬದುಕುವ ಜೀವಿ. ಅಳಿವೆಗೆ ಕೊಳಚೆ ಸೇರಿದರೆ ಅದು ನೇರವಾಗಿ ಚಿಪ್ಪಿನೊಳಗೆ, ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತದೆ. ಮರಳು ಬಗೆದು ಹೊಳೆಯ ತಳ ಕೆಟ್ಟರೆ ಮರುವಾಯಿಯ ಮನೆಯೇ ಹೋಗುತ್ತದೆ. ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿದರೆ ಅವುಗಳ ಬೇರಿನ ನಡುವೆ ಬೆಳೆಯುವ ಸಿಗಡಿ, ಏಡಿಗಳ ಮರಿಗಳಿಗೆ ಆಸರೆ ತಪ್ಪುತ್ತದೆ. ಮೀನೂಟವನ್ನು ಹೊಗಳುವ ಪ್ರತಿಯೊಬ್ಬರಿಗೂ ಈ ನೀರಿನ ಜವಾಬ್ದಾರಿಯಲ್ಲಿ ಪಾಲಿದೆ.

ಹೋಗುವವರಿಗೆ

ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಈ ಕಡೆ ತಿರುಗಾಡಲು ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಆಗ ಬಂದರೆ ಅಂಜಲ್ ಬೇಕೆಂದು ಹಟ ಹಿಡಿಯಬೇಡಿ. ನಾಡದೋಣಿಯವರು ತಂದ ಮೀನು, ಹೊಳೆಮೀನು, ಇಲ್ಲವೇ ಗಂಜಿಯೂಟಕ್ಕೆ ಒಣ ಚಟ್ಲಿಯ ಚಟ್ನಿ ಕೇಳಿ. ಮಳೆಗಾಲಕ್ಕೆ ಅದೇ ತಕ್ಕ ಊಟ. ಬೆಳಿಗ್ಗೆ ಬಸ್ರೂರಿನ ದೇವಸ್ಥಾನಗಳನ್ನೂ ಹೊಳೆದಂಡೆಯನ್ನೂ ನೋಡಿ, ಮಧ್ಯಾಹ್ನಕ್ಕೆ ಕುಂದಾಪುರದಲ್ಲಿ ಉಂಡು, ಸಂಜೆ ಕೋಡಿ ಇಲ್ಲವೇ ಮರವಂತೆಗೆ ಹೋದರೆ ಒಂದು ದಿನ ತುಂಬುತ್ತದೆ. ಹೋಟೆಲಿನಲ್ಲಿ ಪಟ್ಟಿ ನೋಡುವ ಮೊದಲು ಇವತ್ತು ಯಾವ ಮೀನು ಬಂದಿದೆ ಎಂದು ಕೇಳಿ, ಬಂದದ್ದನ್ನೇ ತಿನ್ನಿ. ಮೀನು ಹಿಡಿದವರಿಗೂ ಮಾರಿದವರಿಗೂ ಅಡುಗೆಯವರಿಗೂ ನೀವು ಕೊಡಬಹುದಾದ ದೊಡ್ಡ ಮರ್ಯಾದೆ ಅದು.